ಅಕ್ಷರವೂ ಜಂಗಮವಾಗಲಿ



ತನು, ಮನ, ಧನ. ಗುರು-ಲಿಂಗ-ಜಂಗಮಕ್ಕೆ ಸಲ್ಲಿಸಬೇಕಾದ ಮೂರನ್ನು ಹೇಳುವಾಗ ನಮ್ಮ ನಾಲಗೆಯ ಮೇಲೆ ತಾನಾಗಿ ಬರುವ ಮಾತಿದು. ಇದನ್ನೇ ಅಗ್ಗದ ಕಾಗದದ ಮೇಲೆ, ಸಣ್ಣ ಗಾತ್ರದಲ್ಲಿ, ಮಸಿ ತುಸು ಹೆಚ್ಚಾಗಿ ಅಚ್ಚು ಹಾಕಿಸಿ ನೋಡಿ. 'ಧ' ಅಕ್ಷರದ ಕೆಳಗಿನ ಸಣ್ಣ ಸೀಳು ಮುಚ್ಚಿಹೋಗುತ್ತದೆ, ಧನ ದನವಾಗುತ್ತದೆ. 'ಷ' ಅಕ್ಷರದ ಒಳಗಿನ ಗೀಟು ಕಾಣದಾದರೆ ಷಟ್‌ಸ್ಥಲ ಪಟ್‌ಸ್ಥಲವಾಗುತ್ತದೆ. 'ಥ' ಅಕ್ಷರದ ನಡುವಿನ ಚುಕ್ಕೆ ಮಸುಕಾದರೆ ಅರ್ಥ ಹೋಗಿ ಅರ್ಧ ಉಳಿಯುತ್ತದೆ. ವಚನವನ್ನು ಕಂಠಪಾಠ ಮಾಡಿದ ಹಿರಿಯರು ಇದನ್ನು ತಿದ್ದಿಕೊಂಡು ಓದಿಯಾರು. ಮೊದಲ ಸಲ ಪುಸ್ತಕ ಹಿಡಿದ ಮಗು ಅಚ್ಚಾದದ್ದನ್ನೇ ನಂಬುತ್ತದೆ.

ಆದ್ದರಿಂದ ಈ ಸಂಚಿಕೆಯಲ್ಲಿ ಅಕ್ಷರದ ರೂಪದ ಬಗ್ಗೆ ನಾಲ್ಕು ಮಾತು ಬರೆಯುತ್ತಿದ್ದೇವೆ. ತತ್ತ್ವದ ಪತ್ರಿಕೆಗೆ ಅಚ್ಚಿನ ಮಾತೇಕೆ ಎಂದು ಯಾರೂ ಕೇಳಬೇಕಾಗಿಲ್ಲ. ಹನ್ನೆರಡನೆಯ ಶತಮಾನದ ಅನುಭಾವ ನಮ್ಮ ಕೈಗೆ ಬಂದದ್ದು ಓಲೆಗರಿಯ ಅಕ್ಷರದಿಂದ, ಮನೆಮನೆಗೆ ಹೋದದ್ದು ಅಚ್ಚಿನ ಅಕ್ಷರದಿಂದ. ಇನ್ನು ಮುಂದೆ ಹೋಗಬೇಕಾದದ್ದು ಕಂಪ್ಯೂಟರ್ ಮತ್ತು ಮೊಬೈಲಿನ ಅಕ್ಷರದಿಂದ.

ಈಚಿನ ವರ್ಷಗಳಲ್ಲಿ ಹಳೆಯ ಕಾಲದ ಅಚ್ಚಿನ ಅಕ್ಷರಗಳಿಗೆ ಮತ್ತೆ ಬೆಲೆ ಬಂದಿದೆ. ಪುಸ್ತಕದ ಮುಖಪುಟ, ಆಮಂತ್ರಣ ಪತ್ರಿಕೆ, ಅಂಗಡಿಯ ಫಲಕ ಎಲ್ಲೆಲ್ಲೂ ಹಿಂದಿನವರ ಕಾಲದ ಅಕ್ಷರದ ಸೊಗಸನ್ನು ಹುಡುಕುವವರು ಹೆಚ್ಚಿದ್ದಾರೆ. ಇದರಲ್ಲಿ ಬರೀ ಅಲಂಕಾರದ ಆಸೆ ಇರುವುದೂ ಉಂಟು, ನಿಜವಾದ ಕೆಲಸ ನಡೆದಿರುವುದೂ ಉಂಟು. ನಿಜವಾದ ಕೆಲಸಕ್ಕೆ ಒಂದು ಒಳ್ಳೆಯ ಉದಾಹರಣೆ 'ಟೈರೊ ಕನ್ನಡ' ಎಂಬ ಫಾಂಟ್. ಹತ್ತೊಂಬತ್ತನೆಯ ಶತಮಾನದ ಒಂದು ಮುಖ್ಯ ಕನ್ನಡ ಅಚ್ಚಕ್ಷರವನ್ನು ಮಾದರಿಯಾಗಿಟ್ಟುಕೊಂಡು ಇದನ್ನು ಹೊಸದಾಗಿ ರೂಪಿಸಲಾಗಿದೆ. ಆ ಅಚ್ಚಕ್ಷರ ಹಲವು ತಲೆಮಾರುಗಳ ಕಾಲ ಪಠ್ಯಪುಸ್ತಕಗಳಲ್ಲಿ, ಸಾಹಿತ್ಯ ಗ್ರಂಥಗಳಲ್ಲಿ ಬಳಕೆಯಾದದ್ದು. ನಮ್ಮ ಹಿರಿಯರು ಅಕ್ಷರ ಕಲಿತದ್ದೇ ಇಂಥ ರೂಪದಲ್ಲಿ. ದಪ್ಪವಾಗಿ ಆರಂಭವಾಗಿ ತೆಳ್ಳಗಾಗಿ ಬಳುಕುವ ಗೀಟು, ಸ್ಪಷ್ಟವಾದ ತಲೆಕಟ್ಟು, ತನ್ನ ಜಾಗದಲ್ಲಿ ನಿಂತ ಒತ್ತು, ಇವೆಲ್ಲ ಅದರ ಲಕ್ಷಣ.

ಈ ಫಾಂಟ್ ಹುಟ್ಟಿದ ಕಥೆಯಲ್ಲಿ ನಮಗೆ ಹತ್ತಿರವಾದ ಸಂಗತಿಯೊಂದಿದೆ. ಭಾರತದ ಪ್ರಾಚೀನ ಕೃತಿಗಳನ್ನು ಮೂಲ ಲಿಪಿಯಲ್ಲೂ ಇಂಗ್ಲಿಷ್ ಅನುವಾದದಲ್ಲೂ ಎದುರುಬದುರು ಪುಟಗಳಲ್ಲಿ ಪ್ರಕಟಿಸುವ ಮೂರ್ತಿ ಕ್ಲಾಸಿಕಲ್ ಲೈಬ್ರರಿ ಆಫ್ ಇಂಡಿಯಾ ಎಂಬ ಮಾಲೆಯನ್ನು ಹಾರ್ವರ್ಡ್ ವಿಶ್ವವಿದ್ಯಾಲಯ ಮುದ್ರಣಾಲಯ 2015ರಿಂದ ಹೊರತರುತ್ತಿದೆ. ಆ ಮಾಲೆಗಾಗಿ ಭಾರತೀಯ ಲಿಪಿಗಳ ಅಕ್ಷರಗಳನ್ನು ಮಾಡಿಸಲಾಯಿತು. ಟೈರೊ ಕನ್ನಡದ ಮೂಲ ಅಲ್ಲಿದೆ. ಆ ಮಾಲೆಯಲ್ಲಿ ಕನ್ನಡದಿಂದ ಮೊದಲು ಬಂದ ಕೃತಿ ಯಾವುದು? ರಾಘವಾಂಕನ ಹರಿಶ್ಚಂದ್ರ ಕಾವ್ಯ. ವನಮಾಲಾ ವಿಶ್ವನಾಥ ಅವರ ಅನುವಾದದೊಂದಿಗೆ 2017ರಲ್ಲಿ ಅದು ಪ್ರಕಟವಾಯಿತು. ಹಂಪೆಯ ಹರಿಹರನ ಶಿಷ್ಯ, ಸೊನ್ನಲಿಗೆಯ ಸಿದ್ಧರಾಮೇಶ್ವರರ ಚರಿತೆಯನ್ನು ಷಟ್ಪದಿಯಲ್ಲಿ ಕಟ್ಟಿದ ಕವಿ ನಮ್ಮ ರಾಘವಾಂಕ. ಶಿವಕವಿಯೊಬ್ಬನ ಕಾವ್ಯ ಮೂಲ ಕನ್ನಡದಲ್ಲೇ ಜಗತ್ತಿನ ಗ್ರಂಥಾಲಯಗಳಿಗೆ ಹೋಗುವಾಗ ಅದಕ್ಕೆ ತಕ್ಕ ಅಕ್ಷರ ಬೇಕು ಎಂದು ಶ್ರಮಪಟ್ಟವರು ಕಡಲಾಚೆ ಇದ್ದರು ಎಂಬುದನ್ನು ನಾವು ಕೃತಜ್ಞತೆಯಿಂದ ನೆನೆಯಬೇಕು.

ಅಕ್ಷರ ಮಾಡಿದ ಸಂಸ್ಥೆ ಕೆನಡಾದ ಟೈರೊ ಟೈಪ್‌ವರ್ಕ್ಸ್. ಜಾನ್ ಹಡ್ಸನ್ ಮತ್ತು ರಾಸ್ ಮಿಲ್ಸ್ 1994ರಲ್ಲಿ ಅದನ್ನು ಕಟ್ಟಿದರು. ಟೈರೊ ಎಂಬುದು ಪ್ರಾಚೀನ ರೋಮಿನ ವಾಗ್ಮಿ ಸಿಸೆರೊನ ಬರಹಗಾರನ ಹೆಸರು. ಆತ ಗುಲಾಮನಾಗಿದ್ದು ಆಮೇಲೆ ಬಿಡುಗಡೆ ಪಡೆದವನು. ಒಡೆಯನ ಮಾತನ್ನು ಆಡಿದಂತೆಯೇ ಬರೆದುಕೊಳ್ಳಲು ಶೀಘ್ರಲಿಪಿ ರೂಢಿಸಿದವನೆಂದು ಹೆಸರಾದವನು. ಮಾತಾಡಿದವನನ್ನು ಲೋಕ ನೆನೆಯುತ್ತದೆ, ಬರೆದಿಟ್ಟವನನ್ನು ಮರೆಯುತ್ತದೆ. ನಮ್ಮಲ್ಲಿ ಹಾಗಾಗಲಿಲ್ಲ. ಶರಣರ ವಚನಗಳ ಭಂಡಾರ ಕಾಯ್ದ ಶಾಂತರಸರನ್ನು 'ವಚನ ಭಂಡಾರಿ' ಎಂದೇ ನಾವು ಕರೆಯುತ್ತೇವೆ, ಶರಣರ ಸಾಲಿನಲ್ಲೇ ಕೂರಿಸುತ್ತೇವೆ. ಬರಹದ ಕಟ್ಟುಗಳನ್ನು ಕಾಯುವ ಕಾಯಕ ಹಿಡಿದ ಆ ಶರಣರ ಅಂಕಿತದಲ್ಲಿ ಇರುವ ಮಾತು 'ಅಲೇಖ', ಅಂದರೆ ಬರಹಕ್ಕೆ ಸಿಕ್ಕದವನು. ಅಕ್ಷರದ ಬೆಲೆಯನ್ನೂ ಅದರ ಮಿತಿಯನ್ನೂ ಬಲ್ಲವರ ಮಾತು ಅದು. ಈ ಎರಡನ್ನೂ ಮನಸ್ಸಿನಲ್ಲಿಟ್ಟುಕೊಂಡೇ ನಾವು ಫಾಂಟಿನ ವಿಚಾರ ಮಾಡಬೇಕು.

ಕನ್ನಡದ ಅಚ್ಚಕ್ಷರಕ್ಕೆ ಇನ್ನೂರು ವರ್ಷ ದಾಟಿದೆ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಸೆರಾಂಪುರದಲ್ಲಿ ಅಚ್ಚಾದದ್ದು 1817ರಲ್ಲಿ. ಮಂಗಳೂರಿನ ಬಾಸೆಲ್ ಮಿಷನ್ ಮೊದಲು ಕಲ್ಲಚ್ಚಿನಲ್ಲಿ ಕೆಲಸ ಮಾಡಿತು. 1843ರ ಮಂಗಳೂರ ಸಮಾಚಾರ ಕಲ್ಲಚ್ಚಿನದೇ. ಮೋಗ್ಲಿಂಗ್ ಪ್ರಕಟಿಸಿದ ಬಿಬ್ಲಿಯೋಥಿಕಾ ಕರ್ನಾಟಿಕಾ ಮಾಲೆಯಲ್ಲಿ ಬಸವಪುರಾಣವೂ ಒಂದು. ಕಿಟೆಲ್ ನಿಘಂಟು ಬಂದದ್ದು 1894ರಲ್ಲಿ. ಅಷ್ಟು ಹೊತ್ತಿಗೆ ಕನ್ನಡ ಅಚ್ಚಿನ ಮೊಳೆಗಳು ಪಳಗಿದ್ದವು. ಇಂಗ್ಲಿಷಿಗೆ ಇಪ್ಪತ್ತಾರು ಅಕ್ಷರದ ದೊಡ್ಡ-ಚಿಕ್ಕ ರೂಪಗಳು ಸಾಕು. ಕನ್ನಡಕ್ಕೆ ಕಾಗುಣಿತ, ಒತ್ತು ಎಲ್ಲ ಸೇರಿ ನೂರಾರು ಮೊಳೆ ಬೇಕು. ಮೊಳೆ ಜೋಡಿಸುವವರು ಅವನ್ನು ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಓದುತ್ತ, ಒಂದೊಂದೇ ಆರಿಸಿ ಸಾಲು ಕಟ್ಟುತ್ತಿದ್ದರು. 'ವಚನಶಾಸ್ತ್ರ' ಎಂಬ ಒಂದು ಪದದಲ್ಲೇ ಸಕಾರದ ಕೆಳಗೆ ತಕಾರ, ಅದರ ಬಗಲಿಗೆ ರಕಾರ. ಒಂದು ಮೊಳೆ ಜಾರಿದರೆ ಶಾಸ್ತ್ರವೇ ಕೆಟ್ಟಿತು.

ಈ ಕಷ್ಟವನ್ನು ಮೈಮೇಲೆ ಹಾಕಿಕೊಂಡವರು ವಚನ ಪಿತಾಮಹ ಫ. ಗು. ಹಳಕಟ್ಟಿಯವರು. ವಿಜಯಪುರದ ವಕೀಲರಾಗಿದ್ದ ಅವರು ಊರೂರು ಅಲೆದು, ಮಠಗಳಲ್ಲಿ, ಮನೆಗಳ ಅಟ್ಟದಲ್ಲಿ, ಪೂಜೆಯ ಗೂಡಿನಲ್ಲಿ ಇದ್ದ ಓಲೆಗರಿಯ ಕಟ್ಟುಗಳನ್ನು ಕಲೆಹಾಕಿದರು. ವಚನಶಾಸ್ತ್ರಸಾರದ ಮೊದಲ ಭಾಗ 1923ರಲ್ಲಿ ಹೊರಬಂತು. ಮುಂದೆ ಮನೆ ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯ ತೆರೆದರು. 1926ರಲ್ಲಿ ಶಿವಾನುಭವ ಪತ್ರಿಕೆ ಆರಂಭಿಸಿದರು. ಮನೆ ಮಾರಿ ಅವರು ಕೊಂಡದ್ದು ಏನು? ಸೀಸದ ಮೊಳೆಗಳನ್ನು, ಅಚ್ಚಿನ ಯಂತ್ರವನ್ನು. ಪೂಜೆಯ ಗೂಡಿನಲ್ಲಿ ಕೈಮುಗಿಸಿಕೊಳ್ಳುತ್ತ ಕೂತಿದ್ದ ವಚನವನ್ನು ಓದುವ ವಸ್ತುವನ್ನಾಗಿ ಮಾಡಿದ್ದು ಆ ಸೀಸ. ನಮ್ಮ ಮಟ್ಟಿಗೆ ಹಳೆಯ ಅಚ್ಚಕ್ಷರದ ಚೆಲುವು ಇರುವುದು ಇಲ್ಲಿ.

ಹೀಗಿರುವಾಗ ಹಳೆಯ ರೂಪದ ಅಕ್ಷರವನ್ನು ಮತ್ತೆ ತರುವುದರಲ್ಲಿ ಒಂದು ಅಪಾಯವೂ ಇದೆ ಎಂಬುದನ್ನು ಮರೆಯಬಾರದು. ಹಳೆಯದು ಎಂಬ ಕಾರಣಕ್ಕೇ ಪೂಜಿಸುವುದು ನಮ್ಮ ದಾರಿಯಲ್ಲ. ಓಲೆಗರಿಗೆ ಅರಿಶಿನ ಕುಂಕುಮ ಹಚ್ಚಿ ಬಟ್ಟೆಯಲ್ಲಿ ಕಟ್ಟಿಟ್ಟದ್ದರಿಂದ ಎಷ್ಟೋ ವಚನ ಹುಳು ತಿಂದು ಹೋದವು. ಫಾಂಟಿನಲ್ಲೂ ಅದೇ ಆಗಬಹುದು. ಪುರಾತನ ಸೊಗಸು ಬೇಕೆಂದು ಮೂಲೆ ಸವೆದ, ಮಸಿ ಚೆಲ್ಲಿದಂತೆ ಕಾಣುವ ಅಲಂಕಾರದ ಅಕ್ಷರದಲ್ಲಿ ಇಡೀ ವಚನ ಅಚ್ಚು ಹಾಕಿಸಿದರೆ ಅದು ನೋಡಲು ಚಿತ್ರ, ಓದಲು ಕಷ್ಟ. ಅಂಥದ್ದು ತಲೆಬರಹಕ್ಕೆ ಇರಲಿ. ಒಡಲಿನ ಬರಹಕ್ಕೆ ಬೇಕಾದದ್ದು ಕಣ್ಣಿಗೆ ಅಡ್ಡಬಾರದ ಅಕ್ಷರ. 'ಮಾಯೆ' ಎಂಬ ಎರಡಕ್ಷರದ ಪದದಲ್ಲಿ ಮಕಾರ ಯಕಾರಗಳು ಒಂದನ್ನೊಂದು ಹೋಲದೆ ಬೇರೆಬೇರೆಯಾಗಿ ಕಂಡರೆ ಆ ಅಕ್ಷರ ಒಳ್ಳೆಯದು. ಟೈರೊ ಕನ್ನಡದಂಥ ಫಾಂಟನ್ನು ನಾವು ಮೆಚ್ಚುವುದು ಅದು ಹಳೆಯದನ್ನು ನೆನಪಿಸುತ್ತದೆಂದಲ್ಲ; ತಲೆಮಾರುಗಳು ಓದಿ ಪರೀಕ್ಷಿಸಿದ ರೂಪ ಅದರಲ್ಲಿದೆ ಎಂದು.

ಎರಡನೆಯ ಕಾರಣ ಇನ್ನೂ ದೊಡ್ಡದು. ಅದು ಯೂನಿಕೋಡ್ ಅಕ್ಷರ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಡಿಟಿಪಿ ಬಂದ ಕಾಲದಲ್ಲಿ ಕಂಪ್ಯೂಟರಿಗೆ ಕನ್ನಡ ತಿಳಿಯುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿ ಕೆಲಸ ನಡೆಸಿದೆವು. ಒಂದು ತಂತ್ರಾಂಶದ ಕಡತ ಇನ್ನೊಂದರಲ್ಲಿ ತೆರೆಯುತ್ತಿರಲಿಲ್ಲ. ಬರಹ, ನುಡಿ ಮೊದಲಾದ ತಂತ್ರಾಂಶಗಳು ಕನ್ನಡಕ್ಕೆ ಮಾಡಿದ ಉಪಕಾರ ಸಣ್ಣದಲ್ಲ. ಕನ್ನಡವನ್ನು ಕೀಲಿಮಣೆಗೆ ತಂದ ಕೆ. ಪಿ. ರಾವ್ ಅವರಂಥವರ ಋಣ ತೀರುವಂಥದ್ದಲ್ಲ. ಆದರೆ ಆ ಹಳೆಯ ಕ್ರಮದಲ್ಲಿ ಟೈಪಾದ ಪುಸ್ತಕಗಳನ್ನು ಇಂದು ಅದೇ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ 'ಚೆನ್ನಮಲ್ಲಿಕಾರ್ಜುನ' ಎಂಬ ಜಾಗದಲ್ಲಿ ತಲೆಬುಡವಿಲ್ಲದ ರೋಮನ್ ಅಕ್ಷರಗಳ ಸಾಲು ಕಾಣುತ್ತದೆ. ಹುಡುಕಿದರೆ ಸಿಗುವುದಿಲ್ಲ, ಮೊಬೈಲಿಗೆ ಬರುವುದಿಲ್ಲ, ಕಣ್ಣಿಲ್ಲದವರಿಗೆ ಓದಿ ಹೇಳುವ ತಂತ್ರಾಂಶಕ್ಕೆ ಅದು ಕನ್ನಡವೆಂದೇ ಗೊತ್ತಾಗುವುದಿಲ್ಲ. ಯೂನಿಕೋಡಿನಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ಜಗತ್ತಿನಲ್ಲೆಲ್ಲ ಒಂದೇ ಗುರುತಿನ ಸಂಖ್ಯೆ ಇದೆ. ಫಾಂಟ್ ಬದಲಾದರೂ ಬರಹ ಬದಲಾಗುವುದಿಲ್ಲ. ಅಂಗಿ ಬದಲಿಸಿದರೆ ಆಳು ಬದಲಾಗದಂತೆ.

ಇದರಿಂದ ಏನಾಗುತ್ತದೆ ಎಂಬುದಕ್ಕೆ ವಚನ ಸಂಚಯ ಎಂಬ ಕೆಲಸವನ್ನು ನೋಡಬಹುದು. ಡಾ. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸರ್ಕಾರ ಪ್ರಕಟಿಸಿದ ಸಮಗ್ರ ವಚನ ಸಾಹಿತ್ಯದ 15 ಸಂಪುಟಗಳ ವಚನಗಳು ಯೂನಿಕೋಡಿಗೆ ಬಂದು, ಯಾವ ಪದ ಯಾವ ವಚನಕಾರರಲ್ಲಿ ಎಲ್ಲೆಲ್ಲಿ ಬರುತ್ತದೆ ಎಂದು ಕ್ಷಣದಲ್ಲಿ ನೋಡುವಂತಾಗಿದೆ. ಸುಮಾರು 20,000 ವಚನಗಳಲ್ಲಿ 'ಕಾಯಕ' ಎಂಬ ಪದವನ್ನು ಹುಡುಕಲು ಹಿಂದೆ ಒಬ್ಬ ವಿದ್ವಾಂಸನ ವರ್ಷಗಳೇ ಬೇಕಾಗುತ್ತಿದ್ದವು. ಸೀಸದ ಮೊಳೆ ಸ್ಥಾವರ. ಪೆಟ್ಟಿಗೆ ಬಿಟ್ಟು ಅದು ಕದಲದು. ಯೂನಿಕೋಡಿನ ಅಕ್ಷರ ಜಂಗಮ; ಅದು ಊರು ಸುತ್ತುತ್ತದೆ, ಕರೆದಲ್ಲಿಗೆ ಬರುತ್ತದೆ. ಟೈರೊ ಕನ್ನಡದಲ್ಲಿ ನಮಗೆ ಹಿಡಿಸಿದ್ದು ಇದೇ: ಹಳೆಯ ಸ್ಥಾವರದ ಚೆಲುವನ್ನು ಅದು ಜಂಗಮಕ್ಕೆ ತೊಡಿಸಿದೆ.

ಮೂರನೆಯ ಕಾರಣ ದಾಸೋಹದ್ದು. ಗ್ರಂಥಮಾಲೆಗಾಗಿ ಹುಟ್ಟಿದ ಈ ಅಕ್ಷರವನ್ನು ಆಮೇಲೆ ಮುಕ್ತ ಪರವಾನಗಿಯಲ್ಲಿ ಎಲ್ಲರಿಗೂ ಬಿಟ್ಟುಕೊಡಲಾಯಿತು. ಗೂಗಲ್ ಫಾಂಟ್ಸ್‌ನಲ್ಲಿ ಯಾರು ಬೇಕಾದರೂ ಹಣ ಕೊಡದೆ ಪಡೆಯಬಹುದು. ಪುಸ್ತಕ ಅಚ್ಚು ಹಾಕಿಸಬಹುದು, ಮಾರಬಹುದು, ಅಕ್ಷರವನ್ನೇ ತಿದ್ದಿ ಹಂಚಬಹುದು. ಫಾಂಟನ್ನಷ್ಟೇ ಪ್ರತ್ಯೇಕವಾಗಿ ಮಾರಬಾರದು, ತಿದ್ದಿದ್ದನ್ನೂ ಅದೇ ಮುಕ್ತ ಪರವಾನಗಿಯಲ್ಲೇ ಹಂಚಬೇಕು ಎಂಬುದು ಮುಖ್ಯ ಷರತ್ತು. ಉಣ್ಣಬಹುದು, ಹಂಚಬಹುದು, ಬಚ್ಚಿಟ್ಟು ವ್ಯಾಪಾರ ಮಾಡಬಾರದು. ದಾಸೋಹದ ಪಂಕ್ತಿಯ ನಿಯಮವೂ ಇದಕ್ಕಿಂತ ಬೇರೆಯಲ್ಲ. ಸಣ್ಣ ಊರಿನ ಮಠ, ಅಕ್ಕನ ಬಳಗ, ಶಾಲೆಯ ಮೇಷ್ಟ್ರು ಯಾರಿಗೂ ಫಾಂಟಿನ ಖರ್ಚು ಇನ್ನು ಅಡ್ಡಿಯಲ್ಲ. ಕಳ್ಳ ನಕಲು ಮಾಡಿದ ಫಾಂಟಿನಲ್ಲಿ ಸತ್ಯಶುದ್ಧ ಕಾಯಕದ ವಚನ ಅಚ್ಚು ಹಾಕಿಸುವ ಮುಜುಗರವೂ ಇಲ್ಲ.

ಕೆನಡಾದವರು ಮಾಡಿದ, ಅಮೆರಿಕದವರು ಹಂಚಿದ ಅಕ್ಷರ ನಮಗೇಕೆ ಎಂದು ಕೆಲವರು ಕೇಳಬಹುದು. ಕಲ್ಯಾಣಕ್ಕೆ ಕಾಶ್ಮೀರದಿಂದ ಮೋಳಿಗೆಯ ಮಾರಯ್ಯನವರು, ಸೌರಾಷ್ಟ್ರದಿಂದ ಆದಯ್ಯನವರು, ಅಫಘಾನಿಸ್ತಾನದ ಕಡೆಯಿಂದ ಮರುಳಶಂಕರದೇವರು ಬಂದರೆಂದು ನಮ್ಮ ಪರಂಪರೆ ಹೇಳುತ್ತದೆ. ಎಲ್ಲಿಂದ ಬಂದಿರೆಂದು ಅವರನ್ನು ಬಾಗಿಲಲ್ಲಿ ನಿಲ್ಲಿಸಲಿಲ್ಲ. ಕೇರಿ, ಕಿಟೆಲ್ ಕೂಡ ಹೊರಗಿನವರೇ. ಆದರೆ ಈ ಪ್ರಶ್ನೆಯನ್ನು ನಮ್ಮ ಕಡೆಗೇ ತಿರುಗಿಸಿಕೊಂಡರೆ ಅದರಲ್ಲಿ ಹುರುಳಿದೆ. ಎಂಜಿನಿಯರಿಂಗ್ ಕಾಲೇಜು, ಕಲಾ ಶಾಲೆ, ವಿಶ್ವವಿದ್ಯಾಲಯ ನಡೆಸುವ ಮಠಗಳು ನಾಡಿನಲ್ಲಿ ಎಷ್ಟಿಲ್ಲ? ಅಂಥ ಒಂದು ಕಾಲೇಜಿನಲ್ಲಿ ಕನ್ನಡ ಅಕ್ಷರ ರೂಪಿಸುವ ಪಾಠ ನಡೆಯಲಿ. ತಾಳೆಗರಿಯ ಕೈಬರಹವನ್ನು ಆಧರಿಸಿ, ಹಿತಚಿಂತಕದಂಥ ಮುದ್ರಣಾಲಯಗಳ ಹಳೆಯ ಪುಟಗಳನ್ನು ಆಧರಿಸಿ ನಮ್ಮ ಹುಡುಗ ಹುಡುಗಿಯರು ಒಂದು ಅಕ್ಷರ ಮಾಡಿ ಲೋಕಕ್ಕೆ ಬಿಡಲಿ. ಗುಬ್ಬಿ, ನವಿಲು ಎಂಬ ಮುಕ್ತ ಫಾಂಟುಗಳನ್ನು ಕನ್ನಡದ ಸ್ವಯಂಸೇವಕರು ಮಾಡಿ ತೋರಿಸಿದ್ದಾರೆ. ಒಂದು ಜಾತ್ರೆಯ ಮಂಟಪದ ಖರ್ಚಿನಲ್ಲಿ ಒಂದು ಭಾಗ ಇದಕ್ಕೆ ಸಂದರೆ ಅದು ನೂರು ವರ್ಷ ನಿಲ್ಲುವ ದಾಸೋಹ.

ಅಷ್ಟರೊಳಗೆ ಪ್ರತಿ ಮಠವೂ ಪ್ರತಿ ಬಸವಕೇಂದ್ರವೂ ಇಂದೇ ಮಾಡಬಹುದಾದ ಕೆಲವು ಕೆಲಸಗಳಿವೆ.

ಮೊದಲನೆಯದು, ಇನ್ನು ಮುಂದಿನ ಪ್ರಕಟಣೆಗಳೆಲ್ಲ ಯೂನಿಕೋಡಿನಲ್ಲೇ ಟೈಪಾಗಲಿ. ಅಚ್ಚಾದ ಪುಸ್ತಕದ ಜೊತೆಗೆ ಅದರ ಬರಹದ ಕಡತವನ್ನೂ ಮಠದ ಗ್ರಂಥಾಲಯ ಕೇಳಿ ಪಡೆದು ಇಟ್ಟುಕೊಳ್ಳಲಿ. ಮುದ್ರಣಾಲಯದ ಕಂಪ್ಯೂಟರ್ ಕೆಟ್ಟ ದಿನ ನಮ್ಮ ಪುಸ್ತಕವೂ ಹೋಗಬಾರದು.

ಎರಡನೆಯದು, ಹಳೆಯ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸುವಾಗ ಯಂತ್ರವನ್ನೇ ನಂಬಿ ಬಿಡಬಾರದು. ಪರಿವರ್ತನೆಯಲ್ಲಿ ಮೊದಲು ಕೆಡುವುದು ಅರ್ಕಾವತ್ತು ಮತ್ತು ಒತ್ತಕ್ಷರ. 'ಅರ್ಪಿತ', 'ಐಕ್ಯ', 'ಗುಹೇಶ್ವರ' ಇಂಥ ಪದಗಳನ್ನು ಹುಡುಕಿ ನೋಡಿದರೆ ತಪ್ಪು ಬೇಗ ಸಿಕ್ಕುತ್ತದೆ. ವಚನ ಬಲ್ಲ ಹಿರಿಯರೊಬ್ಬರು, ಕಂಪ್ಯೂಟರ್ ಬಲ್ಲ ಯುವಕರೊಬ್ಬರು ಜೊತೆ ಕೂತು ಕರಡು ತಿದ್ದಲಿ. ಹಳೆಯ ಕಾವ್ಯ, ಶಾಸನ ಅಚ್ಚು ಹಾಕಿಸುವವರು ಱ, ೞ ಅಕ್ಷರಗಳು ಫಾಂಟಿನಲ್ಲಿ ಸರಿಯಾಗಿ ಮೂಡುತ್ತವೆಯೇ ಎಂದು ಮೊದಲೇ ನೋಡಿಕೊಳ್ಳಲಿ.

ಮೂರನೆಯದು, ಡಿಟಿಪಿ ಮಾಡುವವರಿಗೆ ಒಂದು ಸಣ್ಣ ಸೂಚನೆ. ಟೈರೊ ಕನ್ನಡದಲ್ಲಿ ಸಾದಾ ಮತ್ತು ಓರೆ ರೂಪಗಳಷ್ಟೇ ಇವೆ, ದಪ್ಪ ರೂಪ ಇಲ್ಲ. ಇಲ್ಲದ್ದನ್ನು ಗುಂಡಿ ಒತ್ತಿ ದಪ್ಪ ಮಾಡಿದರೆ ತಂತ್ರಾಂಶ ಗೀಟುಗಳನ್ನು ಒತ್ತಾಯದಿಂದ ಉಬ್ಬಿಸುತ್ತದೆ; ಸೀಳುಗಳು ಮುಚ್ಚಿ ಧನ ಮತ್ತೆ ದನವಾಗುತ್ತದೆ. ತಲೆಬರಹಕ್ಕೆ ದೊಡ್ಡ ಗಾತ್ರ ಬಳಸಿ, ಇಲ್ಲವೇ ದಪ್ಪ ರೂಪವಿರುವ ಬೇರೆ ಮುಕ್ತ ಫಾಂಟ್ ಬಳಸಿ. ಜಾಗಕ್ಕೆ ಹೊಂದಿಸಲು ಅಕ್ಷರವನ್ನು ಅಗಲಕ್ಕೆ ಎಳೆಯಬೇಡಿ, ಉದ್ದಕ್ಕೆ ಹಿಂಡಬೇಡಿ. ಸಾಲುಗಳ ನಡುವೆ ಒತ್ತುಗಳು ಉಸಿರಾಡುವಷ್ಟು ಜಾಗ ಬಿಡಿ. ನಿತ್ಯ ಪಾರಾಯಣದ ಪುಸ್ತಕ ಓದುವವರಲ್ಲಿ ವಯಸ್ಸಾದವರೇ ಹೆಚ್ಚು. ಕಾಗದ ಉಳಿಸಲು ಅವರ ಕಣ್ಣಿಗೆ ಭಾರ ಹೊರಿಸಬಾರದು.

ನಾಲ್ಕನೆಯದು, ಮೊಬೈಲಿನಲ್ಲಿ ದಿನಕ್ಕೊಂದು ವಚನ ಕಳುಹಿಸುವವರಿಗೆ. ಸುಂದರ ಅಕ್ಷರದ ಚಿತ್ರ ಕಳುಹಿಸಿ, ಬೇಡವೆನ್ನುವುದಿಲ್ಲ. ಅದರ ಕೆಳಗೆ ಅದೇ ವಚನವನ್ನು ಬರಹವಾಗಿಯೂ ಹಾಕಿ, ವಚನಕಾರರ ಹೆಸರು, ಸಂಪುಟ, ವಚನದ ಸಂಖ್ಯೆ ಕೊಡಿ. ಚಿತ್ರದೊಳಗಿನ ತಪ್ಪನ್ನು ಯಾರೂ ತಿದ್ದಲಾರರು. ಅದು ಒಂದು ಗುಂಪಿನಿಂದ ಇನ್ನೊಂದಕ್ಕೆ ಹಾಗೆಯೇ ಹರಡುತ್ತದೆ. ಯಾರೋ ಬರೆದ ಮಾತಿಗೆ ಬಸವಣ್ಣನವರ ಅಂಕಿತ ಅಂಟಿಸಿ ಚೆಂದದ ಹಳೆಯ ಅಕ್ಷರದಲ್ಲಿ ಬಿಟ್ಟರೆ ಜನ ಅದನ್ನೇ ಪುರಾತನ ವಚನವೆಂದು ನಂಬುತ್ತಾರೆ. ಅಕ್ಷರಕ್ಕೆ ಹಳೆಯ ರೂಪ ಕೊಡುವುದು ಸುಲಭವಾದ ಈ ಕಾಲದಲ್ಲಿ ಈ ಎಚ್ಚರ ಹೆಚ್ಚು ಬೇಕು.

ಕೊನೆಯದಾಗಿ, ಟೈಪು ಮಾಡುವವರ, ಕರಡು ತಿದ್ದುವವರ, ಪುಟ ಕಟ್ಟುವವರ ಕಾಯಕಕ್ಕೆ ತಕ್ಕ ಸಂಬಳ, ತಕ್ಕ ಸಮಯ ಕೊಡೋಣ. ಉತ್ಸವದ ಹಿಂದಿನ ರಾತ್ರಿ ಗ್ರಂಥ ಕೊಟ್ಟು ಬೆಳಿಗ್ಗೆಗೆ ಪ್ರತಿ ಕೇಳಿದರೆ ತಪ್ಪು ಯಾರದು? ಗ್ರಂಥದ ಮೊದಲ ಪುಟಗಳಲ್ಲಿ ದಾನಿಗಳ ಭಾವಚಿತ್ರದ ಜೊತೆಗೆ ಅಕ್ಷರ ಜೋಡಿಸಿದವರ ಹೆಸರಿಗೂ ಒಂದು ಸಾಲು ಇರಲಿ. ಶಾಂತರಸರ ಪರಂಪರೆ ಅವರದು.

ಕಲ್ಯಾಣದ ಕ್ರಾಂತಿಯ ನಂತರ ಶರಣರು ವಚನದ ಕಟ್ಟುಗಳನ್ನು ಹೊತ್ತು ಉಳವಿಯ ಕಾಡಿನ ಕಡೆಗೆ ನಡೆದರು ಎಂದು ಹೇಳಿಕೊಂಡು ಬಂದಿದ್ದೇವೆ. ಅಂದು ಆ ಭಾರವನ್ನು ಹೆಗಲು ಹೊತ್ತಿತು. ಇಂದು ಇಡೀ ವಚನ ಭಂಡಾರ ಅಂಗೈಯ ಮೊಬೈಲಿನಲ್ಲಿ ಕೂರುತ್ತದೆ, ಓದುವ ಹಾಗೆ ಇದ್ದರೆ, ತಪ್ಪಿಲ್ಲದೆ ಇದ್ದರೆ, ಎಲ್ಲರಿಗೂ ತೆರೆದಿದ್ದರೆ. ಈ ಮೂರನ್ನು ನೋಡಿಕೊಳ್ಳುವುದು ನಮ್ಮ ಪಾಲಿಗೆ ಬಂದ ಕಾಯಕ. ನಿಮ್ಮ ಮಠದಲ್ಲಿ, ನಿಮ್ಮ ಬಳಗದಲ್ಲಿ ಮುಂದಿನ ಪುಸ್ತಕ ಅಚ್ಚಿಗೆ ಹೋಗುವ ಮೊದಲು ಒಂದು ಪುಟದ ಕರಡು ತರಿಸಿ ಅಜ್ಜನೊಬ್ಬರ ಕೈಗೂ ಮಗುವೊಂದರ ಕೈಗೂ ಕೊಡಿ. ಇಬ್ಬರೂ ತಡವರಿಸದೆ ಓದಿದರೆ ಅದೇ ಸರಿಯಾದ ಅಕ್ಷರ.